ಮೂರು ಕಡೆಯಿಂದ ಬಂದ ಮಾತು

ಅಕ್ಟೋಬರ್ 6, ಸೋಮವಾರ

ಎದೆ ಡವಡವ ಹೊಡೆದುಕೊಳ್ಳುತ್ತದೆ ಎಂದು ಡಾಕ್ಟರ ಹತ್ತಿರ ಹೋದರೆ ಅವರು ಮಾತ್ರೆಯನ್ನೇ ಕೊಡಲಿಲ್ಲ. "ಮನಸ್ಸಲ್ಲಿರೋದನ್ನ ಯಾರ ಹತ್ರನಾದ್ರೂ ಹೇಳ್ಕೊಳ್ಳಿ" ಅಂದರು. ಹೇಳಿಕೊಳ್ಳುವ ಹಾಗಿದ್ದರೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿತ್ತು? ಆಗಲ್ಲ ಎಂದು ತಲೆ ಅಲ್ಲಾಡಿಸಿದೆ. "ಹೇಳಕ್ಕಾಗಲ್ಲ ಅಂದ್ರೆ ಬರೀರಿ" ಅಂದರು. ಬರೆಯುವುದಕ್ಕೂ ನಮ್ಮ ಇಲಾಖೆಯಲ್ಲಿ ನಿಷೇಧವಿದೆ. ಆದರೂ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ, ನನ್ನದನ್ನೂ ಸೇರಿ.

ಗುಪ್ತಚರ ಇಲಾಖೆಯವನು ಎಂದರೆ ಜನ ಕಪ್ಪು ಕೋಟು, ಪಿಸ್ತೂಲು ಅಂದುಕೊಳ್ಳುತ್ತಾರೆ. ನನ್ನ ಹತ್ತಿರ ಇರುವುದು ಒಂದು ಸ್ಟೇಪ್ಲರ್, ಅದೂ ಕೆಟ್ಟಿದೆ. ಹೊರಗೆ ತಿರುಗುವವರು ಬೇರೆ, ಫೋನು ಕದ್ದು ಕೇಳುವವರು ಬೇರೆ, ಹಿಂಬಾಲಿಸಿ ಫೋಟೋ ತೆಗೆಯುವವರು ಬೇರೆ. ಅವರೆಲ್ಲ ತಂದು ಸುರಿದದ್ದನ್ನು ಕೂಡಿಸಿ, ಕಳೆದು, ಒಂದು ಪುಟ ಮಾಡಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಹೇಳಿದವನು ಎಷ್ಟು ನಂಬಿಗಸ್ತ ಎಂಬುದಕ್ಕೆ ಒಂದು ಅಕ್ಷರ, ಹೇಳಿದ ಮಾತು ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಅಂಕಿ. ಎ ಒಂದು ಎಂದರೆ ಕಣ್ಣು ಮುಚ್ಚಿ ನಂಬಬಹುದು. ಎಫ್ ಆರು ಎಂದರೆ ಬರೀ ಅಂತೆಕಂತೆ.

ಇವತ್ತು ನನ್ನ ಪುಟಕ್ಕೆ ಎ ಒಂದು ಬಿತ್ತು. ವಿಷಯ ಒಬ್ಬ ಲಿಫ್ಟ್ ಮೆಕ್ಯಾನಿಕ್. ಸರ್ಕಾರದ ಎಷ್ಟೋ ಕಟ್ಟಡಗಳ ಲಿಫ್ಟು ನೋಡಿಕೊಳ್ಳುವವನು ಅವನೇ. ಹೋದ ವರ್ಷ ಪಾರ್ಸೆಲ್ ಕಚೇರಿಯಲ್ಲಿ ಸ್ಫೋಟ ಮಾಡಿದ ಗುಂಪಿನ ಮನೆಯೊಂದಕ್ಕೆ ಅವನ ಫೋನಿನಿಂದ ಕರೆ ಹೋಗಿತ್ತು. ಆಗಸ್ಟ್‌ನಲ್ಲಿ ನಾನು ಅವನ ಮೇಲೆ ಒಂದು ಪುಟ ಬರೆದೆ: ಕಟ್ಟಡಗಳ ಒಳನಕ್ಷೆಯನ್ನು ಹೊರಗೆ ಸಾಗಿಸುತ್ತಿರಬಹುದು, ವಯಸ್ಸು ನಲವತ್ತರ ಆಸುಪಾಸು, ಎಡಗೈ ಬಳಸುವವನು. ಈಗ ನೆರೆದೇಶದ ಇಲಾಖೆಯಿಂದಲೂ ಅದೇ ಬಂದಿದೆ, ನಮ್ಮದೇ ಊರಿನ ಒಬ್ಬ ಮಾಹಿತಿದಾರನಿಂದಲೂ ಅದೇ ಬಂದಿದೆ. ಮೂರು ಕಡೆಯಿಂದ ಒಂದೇ ಮಾತು!

ನಮ್ಮ ಸಾಹೇಬರನ್ನು ನಾವು ಕೆಮ್ಮು ಸಾಹೇಬರು ಅನ್ನುತ್ತೇವೆ, ಅವರಿಗಿಂತ ಮೊದಲು ಅವರ ಕೆಮ್ಮು ಒಳಗೆ ಬರುತ್ತದೆ. ನನ್ನ ಮೇಜಿನ ಹತ್ತಿರ ನಿಂತು ಎಲ್ಲರೆದುರಿಗೆ, "ಇದು ನೋಡ್ರೀ ಕೆಲಸ ಅಂದ್ರೆ" ಅಂದರು. ಖುಷಿಯಾಯಿತು. ಆಮೇಲೆ ಯೋಚನೆ ಹತ್ತಿತು. ಆ ಮನುಷ್ಯ ಇವತ್ತು ಯಾವ ಲಿಫ್ಟಿನ ಮೇಲೆ ಏನು ಕಟ್ಟುತ್ತಿದ್ದಾನೋ! ಮನೆಗೆ ಮೆಟ್ಟಿಲು ಹತ್ತಿ ಬಂದೆ.

ಅಕ್ಟೋಬರ್ 8, ಬುಧವಾರ

ಮತ್ತೆ ಮೆಟ್ಟಿಲು. ಆರನೇ ಮಹಡಿಗೆ ಬರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಹೆಂಡತಿ ಬಾಗಿಲು ತೆಗೆದು, "ಏನ್ರೀ ಇದು, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಅಂದಳು. ವ್ಯಾಯಾಮ ಅಂದೆ. "ನೀವಾ?" ಎಂದು ಬಿದ್ದು ಬಿದ್ದು ನಕ್ಕಳು.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ನಾನು ಗೃಹ ಖಾತೆಯಲ್ಲಿ ಕಡತ ನೋಡುತ್ತೇನೆ ಎಂಬಷ್ಟು ಅವಳಿಗೆ ಗೊತ್ತು. ಅವಳು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಹನ್ನೊಂದು ವರ್ಷದಿಂದ ಸಂಸಾರ ಹೀಗೇ ಚೆನ್ನಾಗಿ ನಡೆದಿದೆ.

ಇನ್ನು ಎರಡು ಮೂರು ವಾರದಲ್ಲಿ ಗುರಿಯನ್ನು ಎತ್ತುತ್ತಾರಂತೆ. ನಮ್ಮ ಭಾಷೆಯಲ್ಲಿ ಮೆಕ್ಯಾನಿಕ್ ಎಂದರೆ ಗುರಿ. ಎತ್ತುವುದು ಎಂದರೆ ಏನೆಂದು ಬರೆಯಬೇಕಿಲ್ಲ. ನಮ್ಮ ಕಚೇರಿ ಕಟ್ಟಡದ ಹಿಂದಿನ ಬಾಗಿಲಿನಿಂದ ಒಳಗೆ ಹೋದವರಲ್ಲಿ ಕೆಲವರು ಹೊರಗೆ ಬರುವುದನ್ನು ನಾನಂತೂ ನೋಡಿಲ್ಲ. ಬೇಗ ಎತ್ತಿದರೆ ಸಾಕಪ್ಪ.

ಅಕ್ಟೋಬರ್ 11, ಶನಿವಾರ

ಇದನ್ನು ಹೇಗೆ ಬರೆಯಲಿ?

ತಲೆನೋವು ತಲೆನೋವು ಎಂದು ವಾರದಿಂದ ಗೊಣಗುತ್ತಿದ್ದುದಕ್ಕೆ ಹೆಂಡತಿ ಅಂಗಡಿಗೆ ಎಳೆದುಕೊಂಡು ಹೋದಳು. ಅವರ ಪರೀಕ್ಷೆಯ ಕೋಣೆ ಬಹಳ ಚಿಕ್ಕದು. ಅಕ್ಷರದ ಬೋರ್ಡನ್ನು ದೂರದಲ್ಲಿಡಲು ಜಾಗವಿಲ್ಲ. ಅದಕ್ಕೇ ಬೋರ್ಡನ್ನು ಕುರ್ಚಿಯ ಹಿಂದೆ, ನಮ್ಮ ತಲೆಯ ಮೇಲೆ ತೂಗು ಹಾಕಿದ್ದಾರೆ. ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ನೋಡಿ ಓದಬೇಕು. ನಾನು ಸುಮ್ಮನಿರಲಾರದೆ ಹಿಂದೆ ತಿರುಗಿ ಬೋರ್ಡನ್ನೇ ನೋಡಿದೆ. ಅಕ್ಷರಗಳೆಲ್ಲ ಉಲ್ಟಾ! "ಮುಂದೆ ನೋಡ್ರೀ, ಕಾಪಿ ಹೊಡೀಬೇಡಿ" ಎಂದು ತಲೆಯ ಮೇಲೆ ಮೊಟಕಿದಳು. "ಕನ್ನಡೀಲಿ ನೆಟ್ಟಗೆ ಕಾಣ್ಲಿ ಅಂತ ಉಲ್ಟಾ ಅಚ್ಚು ಹಾಕಿರ್ತಾರೆ."

ಆಗಸ್ಟ್‌ನಲ್ಲಿ ನನ್ನ ಮೇಜಿಗೆ ಬಂದ ಮೆಕ್ಯಾನಿಕ್‌ನ ಫೋಟೋ ನೆನಪಾಯಿತು. ಲಿಫ್ಟಿನೊಳಗೆ ನಿಂತು ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದಾನೆ, ಎಡಗೈಯಲ್ಲಿ. ಶರ್ಟಿನ ಜೇಬು ಬಲಗಡೆ. ಗಂಡಸರ ಶರ್ಟಿನ ಜೇಬು ಯಾವತ್ತಾದರೂ ಬಲಗಡೆ ಇರುತ್ತದೆಯೇ? ನಮ್ಮವನು ಅವನಿಗೆ ಬೆನ್ನು ಮಾಡಿ ನಿಂತು, ಲಿಫ್ಟಿನ ಕನ್ನಡಿಯಲ್ಲಿ ಬಿದ್ದ ಬಿಂಬವನ್ನು ಫೋಟೋ ತೆಗೆದಿದ್ದಾನೆ. ನಾನು ಅದನ್ನು ನೋಡಿ ಗುರುತಿನ ಸಾಲಿನಲ್ಲಿ ಎಡಗೈಯವನು ಎಂದು ಬರೆದೆ. ಮೆಕ್ಯಾನಿಕ್ ಬಲಗೈಯವನು.

ಹಾಗಾದರೆ ಆ ಫೋಟೋವನ್ನೇ ನೋಡದ ಉಳಿದಿಬ್ಬರೂ ಎಡಗೈಯವನು ಎಂದು ಹೇಗೆ ಹೇಳಿದರು?

"ಏನ್ರೀ, ಕೊನೇ ಸಾಲು ಓದಕ್ಕಾಗ್ತಿಲ್ವಾ?" ಎಂದು ಹೆಂಡತಿ ಕೇಳುತ್ತಿದ್ದಳು. ನನಗೆ ಮೊದಲನೇ ಸಾಲೂ ಕಾಣುತ್ತಿರಲಿಲ್ಲ.

ಅಕ್ಟೋಬರ್ 13, ಸೋಮವಾರ

ಪಕ್ಕದ ಮೇಜಿನಲ್ಲಿ ಅನುವಾದದ ಅಕ್ಕ ಕೂರುತ್ತಾರೆ. ಹೊರದೇಶದ ವರದಿಗಳನ್ನೆಲ್ಲ ನಮ್ಮ ಭಾಷೆಗೆ ತರುವವರು. ಮೂವತ್ತು ವರ್ಷ ಸರ್ವೀಸು, ಬಾಯಿ ಮಾತ್ರ ಹರಿತ. ನೆರೆದೇಶದ ವರದಿಯ ಮೂಲ ತೋರಿಸಿ ಎಂದು ಕೇಳಿದೆ. "ಯಾಕೆ, ನನ್ನ ಅನುವಾದದ ಮೇಲೆ ಅನುಮಾನವೋ?" ಅನ್ನುತ್ತಲೇ ತೆಗೆದುಕೊಟ್ಟರು.

ಎಲ್ಲ ಸಿಕ್ಕಿತು. ನನ್ನ ಪುಟವನ್ನು ಸೆಪ್ಟೆಂಬರ್ ಮೊದಲ ವಾರ ಸಾಹೇಬರು ನೆರೆದೇಶಕ್ಕೆ ಕಳಿಸಿ, ಇಂಥವನೊಬ್ಬ ಗೊತ್ತೇ ಎಂದು ಕೇಳಿದ್ದಾರೆ. ಅವರು ಅದನ್ನೇ ತಿದ್ದಿ ತೀಡಿ, 'ನಂಬಲರ್ಹ ಮೂಲದಿಂದ ತಿಳಿದುಬಂದಂತೆ' ಎಂದು ಸೇರಿಸಿ ತಿರುಗಿ ಕಳಿಸಿದ್ದಾರೆ. ಆ ನಂಬಲರ್ಹ ಮೂಲ ನಾನೇ! ಇನ್ನು ನಮ್ಮ ಮಾಹಿತಿದಾರನನ್ನು ವಿಚಾರಿಸಿದವನು, ಎಡಗೈ ಬಳಸುವ ಲಿಫ್ಟ್ ಮೆಕ್ಯಾನಿಕ್ ಒಬ್ಬ ನಕ್ಷೆ ಸಾಗಿಸುತ್ತಾನಂತಲ್ಲ, ಹೌದಾ ಎಂದು ಕೇಳಿದ್ದಾನೆ. ತಿಂಗಳ ಕೊನೆಗೆ ದುಡ್ಡಿನ ಕವರು ಪಡೆಯುವವನು ಇಲ್ಲ ಅನ್ನುತ್ತಾನೆಯೇ? ಹೌದೌದು ಅಂದಿದ್ದಾನೆ. ಮೂರು ಕಡೆಯ ಮಾತು ಎಂದರೆ ನನ್ನೊಬ್ಬನ ಮಾತು ಊರು ಸುತ್ತಿ ಬಂದದ್ದು. ಅದರಲ್ಲೂ ನಾನು 'ಇರಬಹುದು' ಎಂದು ಬರೆದಿದ್ದೆ. ಮೇಲೆ ಹೋಗುವಾಗ ಅದು ಎಲ್ಲೋ ಉದುರಿಹೋಗಿದೆ.

ಆ ಫೋನ್ ಕರೆಯನ್ನೂ ನೋಡಿದೆ. ಆ ಮನೆ ಇದ್ದ ಕಟ್ಟಡದ ಲಿಫ್ಟು ಆ ದಿನ ಕೆಟ್ಟಿತ್ತು. ದೂರು ಕೊಟ್ಟವರಿಗೆ ಅವನು ವಾಪಸ್ಸು ಫೋನು ಮಾಡಿದ್ದಾನೆ. ಅಷ್ಟೇ.

ಅಕ್ಕ ನನ್ನ ಮುಖ ನೋಡಿ, "ದೆವ್ವ ಕಂಡ್ರಾ?" ಅಂದರು. ತೋರಿಸಿದೆ. ಓದಿ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. "ಈ ಕೆಲಸದಲ್ಲಿ ಒಂದ್ಸಲ ಎ ಒಂದು ಬಿದ್ದಿದ್ದನ್ನ ವಾಪಸ್ ತಗೊಂಡವರು ಯಾರೂ ಇಲ್ಲ" ಅಂದರು.

ಅಕ್ಟೋಬರ್ 14, ಮಂಗಳವಾರ

ಹೇಳಲಿಲ್ಲ. ಸಾಹೇಬರ ಕೋಣೆಯ ಬಾಗಿಲ ತನಕ ಹೋಗಿ, ಸ್ಟೇಪ್ಲರ್ ಕೆಟ್ಟಿದೆ ಎಂದು ಹೇಳಿ ಬಂದೆ.

ಅಕ್ಟೋಬರ್ 15, ಬುಧವಾರ

ಹೇಳಿದೆ.

ಕೆಮ್ಮು ಸಾಹೇಬರು ಕೆಮ್ಮದೆ ಪೂರ್ತಿ ಕೇಳಿದರು. ಆಮೇಲೆ ಬಹಳ ಮೃದುವಾಗಿ, "ನೀವು ಆ ಮನುಷ್ಯನ್ನ ಕಣ್ಣಾರೆ ನೋಡಿದ್ದೀರಾ?" ಅಂದರು.

"ಇಲ್ಲ ಸಾರ್. ಫೋಟೋದಲ್ಲಿ..."

"ಮೂರು ಕಡೆಯೋರು ಎಡಗೈ ಅಂತಾರೆ. ನೀವೊಬ್ಬರು, ಅದೂ ಕುರ್ಚೀಲಿ ಕೂತ್ಕೊಂಡು, ಬಲಗೈ ಅಂತೀರಿ. ಮೂರು ದೊಡ್ಡದೋ ಒಂದು ದೊಡ್ಡದೋ?"

"ಆ ಮೂರೂ ನಾನೇ ಸಾರ್!"

"ಹಾಗಂತ ನೀವು ಹೇಳ್ತಿದ್ದೀರಿ" ಅಂದರು. ತಪ್ಪು ಅವರ ಸಹಿಯಲ್ಲಿ ಮಂತ್ರಿಗಳ ಮನೆಯ ತನಕ ಹೋಗಿದೆ. ಈಗ ಅವರಿಗೆ ನಿಜ ಬೇಕಾಗಿಲ್ಲ. ಹೊರಡುವಾಗ ಕೇಳಿದರು, "ಇವನ ಮೇಲೆ ನಿಮಗ್ಯಾಕ್ರೀ ಇಷ್ಟು ಕಾಳಜಿ?"

ಅಕ್ಟೋಬರ್ 17, ಶುಕ್ರವಾರ

ನನಗೆ ತಲೆ ಕೆಟ್ಟಿರಬೇಕು. ಹೋಗಿ ಅವನನ್ನು ನೋಡಿಬಂದೆ.

ಶುಕ್ರವಾರ ಸಂಜೆ ಅವನು ಎಲ್ಲಿರುತ್ತಾನೆ ಎಂದು ನನಗೆ ಬಾಯಿಪಾಠ. ಬಸ್ ನಿಲ್ದಾಣದ ಹಿಂದಿನ ಕ್ಲಿನಿಕ್ಕುಗಳ ಕಟ್ಟಡ. ದೂರದಿಂದ ಕೈ ನೋಡಿ ಬಂದುಬಿಡೋಣ, ಕಣ್ಣಾರೆ ನೋಡಿದೆ ಎಂದು ಬರೆಯಬಹುದು, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿಟ್ಟುಕೊಂಡು, ಮಂಡಿಯೂರಿ, ಒಳಗೆ ತಲೆ ಹಾಕಿ ಏನೋ ತಿರುಗಿಸುತ್ತಿದ್ದ. ಬಲಗೈಯಲ್ಲಿ. ದೇವರೇ, ಬಲಗೈಯಲ್ಲಿ! ಅಲ್ಲಿಂದಲೇ ಹಿಂದಿರುಗಬೇಕಿತ್ತು. ಅವನು ತಿರುಗಿ ನೋಡದೆಯೇ, "ಅಣ್ಣ, ಸುಮ್ನೆ ನಿಂತಿದ್ದೀರಲ್ಲ, ಸ್ವಲ್ಪ ಈ ಟಾರ್ಚ್ ಹಿಡೀತೀರಾ?" ಅಂದ.

ಹಿಡಿದೆ. ಹಿಡಿಯದೆ ಏನು ಮಾಡಲಿ?

"ಇನ್ನೂ ಕೆಳಗೆ. ನನ್ನ ಮುಖಕ್ಕಲ್ಲ, ಮದುವೆ ಗಂಡು ನೋಡಕ್ಕೆ ಬಂದಿದ್ದೀರಾ? ಹಾಂ, ಅಲ್ಲಿ." ನನ್ನ ಕೈಯ ಬೆಳಕು ಕುಣಿಯುವುದನ್ನು ನೋಡಿ, "ಲಿಫ್ಟು ಅಂದ್ರೆ ಭಯವಾ?" ಅಂದ. ಹೌದು ಅಂದೆ. "ಭಯ ಬೇಡ. ಹಗ್ಗ ಹರಿದ್ರೂ ಬೀಳಲ್ಲ ಇದು, ಹಲ್ಲು ಕಚ್ಚಿ ನಿಂತ್ಕೊಳುತ್ತೆ. ನನ್ನ ಹೆಂಡ್ತಿಗೂ ಹೀಗೇನೆ, ನನ್ನ ಮೇಲೆ ನಂಬಿಕೆನೇ ಇಲ್ಲ ಅವಳಿಗೆ. ಮೆಕ್ಯಾನಿಕ್ ಹೆಂಡ್ತಿ ಮೆಟ್ಲು ಹತ್ತಿ ಹೋಗ್ತಾಳೆ ನೋಡಿ, ನನ್ನ ಮಾನ ಎಲ್ಲಿಗೆ ಬಂತು!" ಅವನು ನಕ್ಕ, ನಾನೂ ನಕ್ಕೆ. ಅದಕ್ಕೆ ಮೊದಲು ಯಾವಾಗ ನಕ್ಕಿದ್ದೆನೋ ನೆನಪಿಲ್ಲ. ಟಾರ್ಚು ವಾಪಸ್ಸು ಕೊಟ್ಟು ಬಂದೆ.

ಮನೆಗೆ ಬಂದ ಮೇಲೆ ಬುದ್ಧಿ ಬಂತು. ಇಲಾಖೆಯವನು ಗುರಿಯ ಹತ್ತಿರ ಹೋಗುವುದಿರಲಿ, ಅವನ ಬೀದಿಯಲ್ಲೂ ನಡೆಯುವ ಹಾಗಿಲ್ಲ.

ಅಕ್ಟೋಬರ್ 20, ಸೋಮವಾರ

ಬೆಳಿಗ್ಗೆ ನನ್ನ ಮೇಜಿನ ಮೇಲೆ ಹೊಸ ಫೋಟೋ. ಮೂರನೇ ಮಹಡಿ, ತೆರೆದ ಲಿಫ್ಟು, ಮಂಡಿಯೂರಿದ ಮೆಕ್ಯಾನಿಕ್. ಅವನ ಎದುರಿಗೆ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಿರುವವನು ನಾನು.

ಕೆಳಗೆ ಟಿಪ್ಪಣಿ: 'ಗುರಿಯು ಅಪರಿಚಿತ ವ್ಯಕ್ತಿಗೆ ಕೊಳವೆಯಾಕಾರದ ವಸ್ತುವೊಂದನ್ನು ಹಸ್ತಾಂತರಿಸುತ್ತಿರುವುದು. ಇಬ್ಬರೂ ನಗುತ್ತಿದ್ದರು.'

ಕೆಮ್ಮು ಸಾಹೇಬರು ಖುಷಿಯಲ್ಲಿದ್ದರು. "ನೋಡಿದ್ರಾ? ಒಬ್ಬನೇ ಅಂದ್ಕೊಂಡಿದ್ವಿ, ಜೊತೆಗಾರನೂ ಸಿಕ್ಕಿದ. ಇವನ್ಯಾರು ಅಂತ ಶುಕ್ರವಾರದೊಳಗೆ ಬರೆದುಕೊಡಿ. ಶನಿವಾರ ಮೆಕ್ಯಾನಿಕ್‌ನ ಎತ್ತೋಣ." ನನ್ನ ಬೆನ್ನನ್ನು ನನ್ನ ಕೈಗೇ ಕೊಟ್ಟು ಹೋದರು.

ದಿನವಿಡೀ ಅದನ್ನೇ ನೋಡಿದೆ. ನೆತ್ತಿಯ ಮೇಲೆ ಕೂದಲು ಅಷ್ಟೊಂದು ಉದುರಿದೆ ಎಂದು ಗೊತ್ತೇ ಇರಲಿಲ್ಲ. ಅನುವಾದದ ಅಕ್ಕ ಪಕ್ಕದಿಂದ ಬಗ್ಗಿ ನೋಡಿದರು. ಒಮ್ಮೆ ಫೋಟೋ, ಒಮ್ಮೆ ನನ್ನ ತಲೆ. ತಮ್ಮ ಕೆಲಸಕ್ಕೆ ತಿರುಗಿಕೊಂಡು, ಕೀಲಿಮಣೆ ಕುಟ್ಟುತ್ತಲೇ, "ಆ ಚೌಕಳಿ ಶರ್ಟ್ ಇನ್ಮೇಲೆ ಹಾಕ್ಬೇಡಿ" ಅಂದರು. ಅಷ್ಟೇ.

ನಾನು ಹೋಗದಿದ್ದರೆ ಈ ಫೋಟೋ ಇರುತ್ತಿರಲಿಲ್ಲ. ಅವನನ್ನು ಉಳಿಸಲು ಹೋಗಿ ಅವನ ಕುತ್ತಿಗೆಗೆ ನಾನೇ ಹಗ್ಗ ಬಿಗಿದೆ.

ಅಕ್ಟೋಬರ್ 21, ಮಂಗಳವಾರ

ಮನೆಯಲ್ಲೂ ಏನೋ ಸರಿಯಿಲ್ಲ. ನಾನು ಅಡುಗೆಮನೆಗೆ ಹೋದರೆ ಹೆಂಡತಿ ಫೋನು ಕೆಳಗಿಡುತ್ತಾಳೆ. ಯಾರು ಅಂದರೆ ಅಂಗಡಿಯವರು ಅನ್ನುತ್ತಾಳೆ. ನಿನ್ನೆ ಬರುವುದು ತಡವಾಯಿತು. ನಗುವುದನ್ನೇ ಬಿಟ್ಟಿದ್ದಾಳೆ. ಕಿಟಕಿಯ ಪರದೆ ಸರಿಸಿ ಬೀದಿ ನೋಡುತ್ತಾಳೆ. ಯಾರನ್ನು ಕಾಯುತ್ತಿದ್ದಾಳೆ?

ತಂಗಿಗೆ ಫೋನು ಮಾಡಿದೆ. ನಿನ್ನ ಅತ್ತಿಗೆಯಲ್ಲಿ ಏನಾದರೂ ಬದಲಾವಣೆ ಕಾಣುತ್ತಿದೆಯಾ ಎಂದು ಕೇಳಿದೆ. ಸುಮ್ಮನೆ ಕೇಳಿದೆ, ಮತ್ತೇನೂ ಹೇಳಲಿಲ್ಲ.

ಅಕ್ಟೋಬರ್ 22, ಬುಧವಾರ

ಬೆಳಿಗ್ಗೆ ಅಮ್ಮ ತಾನಾಗಿಯೇ ಫೋನು ಮಾಡಿದಳು. "ಯಾಕೋ, ನಿನ್ನ ಹೆಂಡ್ತಿ ಮೊದಲಿನ ಹಾಗಿಲ್ವಂತೆ? ಹುಷಾರಾಗಿ ನೋಡ್ಕೊಳಪ್ಪ" ಅಂದಳು. ನಾನು ಅಮ್ಮನಿಗೆ ಈ ವಿಷಯ ಎತ್ತಿಯೇ ಇರಲಿಲ್ಲ! ಮಧ್ಯಾಹ್ನ ತಂಗಿಯೂ ಫೋನು ಮಾಡಿ, ಹೌದಣ್ಣ, ಯೋಚಿಸಿದರೆ ಅತ್ತಿಗೆ ಏನೋ ಮುಚ್ಚಿಡುತ್ತಿರುವ ಹಾಗೆ ಕಾಣುತ್ತದೆ ಅಂದಳು. ನಾನು ಕಂಡದ್ದು ಒಂದು, ಅಮ್ಮ ಹೇಳಿದ್ದು ಒಂದು, ತಂಗಿ ಹೇಳಿದ್ದು ಒಂದು. ಮೂವರೂ ತಪ್ಪು ತಿಳಿಯಲು ಸಾಧ್ಯವೇ?

ಅವಳು ಸ್ನಾನಕ್ಕೆ ಹೋದಾಗ ಅವಳ ಕೈಚೀಲ ನೋಡಿದೆ. ಕನ್ನಡಕ ಒರೆಸುವ ಬಟ್ಟೆ, ಬೀಗದ ಕೈ, ತಲೆನೋವಿನ ಮಾತ್ರೆ, ಬಸ್ಸಿನ ಎರಡು ಟಿಕೆಟು. ಟಿಕೆಟಿನ ನಂಬರು ಅಂಗಡಿಯ ಕಡೆಯ ಬಸ್ಸಿನದಲ್ಲ. ವಸ್ತುಗಳನ್ನು ಇದ್ದ ಹಾಗೇ ಇಟ್ಟೆ.

ಫೋಟೋದಲ್ಲಿರುವ 'ಜೊತೆಗಾರ'ನ ಬಗ್ಗೆ ಇನ್ನೂ ಒಂದಕ್ಷರ ಬರೆದಿಲ್ಲ. ಶುಕ್ರವಾರ ಹತ್ತಿರ ಬಂತು.

ಅಕ್ಟೋಬರ್ 23, ಗುರುವಾರ

ಸಂಜೆ ಕೈಕಾಲು ತೊಳೆದು ಬರುವಷ್ಟರಲ್ಲಿ ಹೆಂಡತಿ ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿ ಕೂತಿದ್ದಳು.

"ನೋಡಿ. ಸರಿಯಾಗಿ ನೋಡಿ. ನಿನ್ನೆ ಆತುರದಲ್ಲಿ ನೋಡಿದ್ರಲ್ಲ."

ನಾನು ಅಲ್ಲ ಅಂದೆ. "ಸುಳ್ಳು ಹೇಳ್ಬೇಡಿ. ಬೀಗದ ಕೈ ಯಾವತ್ತೂ ಚಿಕ್ಕ ಜೇಬಲ್ಲಿಡ್ತೀನಿ ನಾನು." ಬೀಗದ ಕೈಯನ್ನು ನನ್ನ ಕಡೆ ತಳ್ಳಿದಳು. "ಸೋಮವಾರ ಅಂಗಡಿಗೆ ಇಬ್ಬರು ಬಂದಿದ್ರು. ಕನ್ನಡಕ ನೋಡ್ತೀವಿ ಅಂದ್ರು, ಒಂದೂ ಹಾಕ್ಕೊಂಡು ನೋಡ್ಲಿಲ್ಲ. ನಿಮ್ಮ ಬಗ್ಗೆ ಕೇಳಿದ್ರು. ಶುಕ್ರವಾರ ಸಂಜೆ ನಿಮ್ಮ ಯಜಮಾನ್ರು ಎಲ್ಲಿದ್ರು ಅಂದ್ರು. ನಂಗೆ ಏನು ತೋಚುತ್ತೆ? ನನ್ನ ಜೊತೆ ಅಂಗಡೀಲೇ ಇದ್ರು, ಹೊಸ ಕನ್ನಡಕಕ್ಕೆ ಫ್ರೇಮ್ ಆರಿಸ್ತಿದ್ರು ಅಂದೆ. ಬರ್ಕೊಂಡು ಹೋದ್ರು. ಅವತ್ತಿಂದ ದಾರಿ ಬದಲಾಯಿಸಿ, ಬೇರೆ ಬಸ್ಸಲ್ಲಿ ಓಡಾಡ್ತಿದ್ದೀನಿ. ನಿಮಗೆ ಹೇಳಿದ್ರೆ ನಿಮ್ಮ ಎದೆ ನಿಂತೇ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಆ ಡಾಕ್ಟರಿಗೆ ದಿನಾ ಫೋನ್ ಮಾಡಿ ಕೇಳ್ತಿದ್ದೀನಿ, ಏನು ಮಾಡ್ಲಿ ಅಂತ."

ಹೋದ ವಾರ ಸಾಹೇಬರ ಹತ್ತಿರ ವಾದ ಮಾಡಿದೆನಲ್ಲ, ಆಗಲೇ ನನ್ನ ಮೇಲೆ ಅನುಮಾನ ಬಿದ್ದಿದೆ. ಆ ಫೋಟೋವನ್ನು ನನ್ನ ಕೈಗೇ ಕೊಟ್ಟದ್ದೂ ಪರೀಕ್ಷೆಗೇ ಇರಬೇಕು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಕನ್ನಡಿ, ಎಡಗೈ, ಟಾರ್ಚು, ಬೆನ್ನಿನ ಫೋಟೋ. ಅವಳು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದಳು, "ನನ್ನ ಚೀಲ ಯಾಕೆ ಹುಡುಕಿದ್ರಿ?"

"ಅಮ್ಮನೂ ತಂಗಿಯೂ..."

"ಅವರಿಗೆ ಹೇಳಿದ್ದು ಯಾರು?"

ತಂಗಿ ಅಮ್ಮನಿಗೆ ಹೇಳಿರಬಹುದು, ಅದು ಬೇರೆ ವಿಷಯ.

"ಆ ಇಬ್ಬರನ್ನ ಕಂಡ್ರೆ ಭಯ ಆಯ್ತು, ನಿಜ" ಅಂದಳು. "ಆದ್ರೆ ಅವರಿಗಿಂತ ನಿಮ್ಮನ್ನ ಕಂಡ್ರೆ ನಂಗೀಗ ಜಾಸ್ತಿ ಭಯ." ಎದ್ದು ಹೋಗಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಳು.

ನನ್ನನ್ನು ಕಂಡರೆ ಭಯವೇ? ಜಿರಳೆ ಕಂಡರೆ ಕುರ್ಚಿ ಹತ್ತುವವನು ನಾನು. ಇದೊಂದು ನನಗೆ ಅರ್ಥವೇ ಆಗಲಿಲ್ಲ.

ಅಕ್ಟೋಬರ್ 24, ಶುಕ್ರವಾರ

ಫೋಟೋದ ಕೆಳಗೆ ಬರೆದೆ: ಈ ವ್ಯಕ್ತಿ ನಾನು. ವಸ್ತು ಟಾರ್ಚು. ಸಹಿ ಹಾಕಿ ಕೆಮ್ಮು ಸಾಹೇಬರ ಮುಂದಿಟ್ಟೆ.

ಅವರು ಓದಿ, ಕಡತದಿಂದ ಇನ್ನೊಂದು ಹಾಳೆ ತೆಗೆದರು. "ನಿಮ್ಮ ಮನೆಯವರು ಏನು ಹೇಳಿದ್ದಾರೆ ಗೊತ್ತಾ? ಶುಕ್ರವಾರ ಸಂಜೆ ನೀವು ಅವರ ಅಂಗಡೀಲಿ ಇದ್ರಿ. ನಮ್ಮವರು ಕೇಳೋ ಮೊದಲು ಇಂಥ ಪ್ರಶ್ನೆ ಬರುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ, ಹಾಗಾಗಿ ನಂಬಬೇಕಾದ ಮಾತು. ಎ ಎರಡು ಕೊಟ್ಟಿದ್ದೀವಿ."

"ಅವಳು ಸುಳ್ಳು ಹೇಳಿದ್ಳು ಸಾರ್. ನನ್ನನ್ನ ಉಳಿಸಕ್ಕೆ."

"ಅಥವಾ ನೀವೀಗ ಸುಳ್ಳು ಹೇಳ್ತಿದ್ದೀರಿ, ಅವನನ್ನ ಉಳಿಸಕ್ಕೆ." ಅವರು ಕೋಪ ಮಾಡಿಕೊಂಡಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. "ಕನಿಕರ ಇರ್ಬೇಕು, ತಪ್ಪಲ್ಲ. ಆದ್ರೆ ಕನಿಕರಕ್ಕೆ ಅಂಕಿ ಕೊಡಕ್ಕಾಗಲ್ಲ. ಮನೆಗೆ ಹೋಗಿ, ನಾಲ್ಕು ದಿನ ಮಲ್ಕೊಳ್ಳಿ."

ನನ್ನ ಸಹಿಯ ಹಾಳೆಯನ್ನು ಅವರು ಹರಿಯಲಿಲ್ಲ. ಅದಕ್ಕೂ ಒಂದು ಅಕ್ಷರ, ಒಂದು ಅಂಕಿ ಹಾಕಿ ಕಡತದಲ್ಲಿ ಸೇರಿಸಿದರು. ಎಫ್ ಆರು.

ಅಕ್ಟೋಬರ್ 25, ಶನಿವಾರ

ಬೆಳಿಗ್ಗೆ ಅಕ್ಕ ಬೀದಿಯ ಫೋನಿನಿಂದ ಮಾತಾಡಿದರು. "ಮೆಕ್ಯಾನಿಕ್‌ನ ಕರ್ಕೊಂಡು ಬಂದ್ರು. ಹಿಂದಿನ ಬಾಗಿಲಿಂದ" ಎಂದಷ್ಟೇ ಹೇಳಿ ಇಟ್ಟರು.

ನಾನು ಹಾಸಿಗೆಯ ಮೇಲೆ ಕೂತುಬಿಟ್ಟೆ. ನಿನ್ನೆ ಸಾಹೇಬರು ಹೇಳಿದ್ದನ್ನು ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅವಳು ಏನು ಮಾಡುತ್ತಾಳೆ ಎಂದು ಗೊತ್ತಿತ್ತು, ಅದಕ್ಕೇ ಹೇಳಿರಲಿಲ್ಲ. ಹಿಂದಿನ ಬಾಗಿಲಿನ ಕಟ್ಟಡಕ್ಕೆ ಹೋಗಿ ಸುಳ್ಳು ಸಾಕ್ಷಿ ಹೇಳಿದೆ ಎಂದು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ? ಅವಳನ್ನು ಅಲ್ಲೇ ಇಟ್ಟುಕೊಂಡರೆ? ಒಬ್ಬ ಪರಕೀಯನಿಗಾಗಿ ನನ್ನ ಹೆಂಡತಿಯನ್ನು ನಾನೇ ಕೈಯಾರೆ ಒಪ್ಪಿಸಬೇಕೇ? ಬೇಡ ಎಂದುಕೊಂಡೆ. ನಾನು ಮಾಡುವುದನ್ನು ಮಾಡಿದ್ದೇನೆ, ಸಹಿ ಹಾಕಿದ್ದೇನೆ, ಇನ್ನು ನನ್ನಿಂದ ಆಗುವುದಿಲ್ಲ ಎಂದುಕೊಂಡೆ. ಆಮೇಲೆ ಅವನ ಹೆಂಡತಿ ಮೆಟ್ಟಿಲು ಹತ್ತಿ ಹೋಗುವುದು ಕಣ್ಣಿಗೆ ಕಟ್ಟಿತು, ನಾನು ನೋಡೇ ಇರದ ಹೆಂಗಸು.

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಎರಡು ದಿನದಿಂದ ಮಾತಿರಲಿಲ್ಲ. ಹೋಗಿ ಹೇಳಿದೆ. ಅವಳ ಮಾತಿಗೆ ಎ ಎರಡು, ನನ್ನದಕ್ಕೆ ಎಫ್ ಆರು ಎಂದೂ ಹೇಳಿದೆ.

"ಅಂದ್ರೆ ನಾನು ಬಂದು ಹೇಳಿದ್ರೆ ನಂಬ್ತಾರಾ?"

"ನಂಬಬಹುದು. ನಿನ್ನನ್ನ ಒಳಗೂ ಹಾಕಬಹುದು."

ಅವಳು ಕೈಯಲ್ಲಿದ್ದ ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಭಯ ಆಗ್ತಿದ್ರೆ ಬೇಡ" ಅಂದೆ.

"ಭಯ ಆಗ್ತಿದೆ. ಚಪ್ಪಲಿ ಹಾಕ್ಕೊಳ್ಳಿ, ಹೋಗೋಣ."

ಅಕ್ಟೋಬರ್ 28, ಮಂಗಳವಾರ

ಮೂರು ದಿನ ಬರೆಯಲಾಗಲಿಲ್ಲ.

ಶನಿವಾರ ಅವಳನ್ನು ಬೇರೆ ಕೋಣೆಗೆ ಕರೆದುಕೊಂಡು ಹೋದರು, ನನ್ನನ್ನು ಬೇರೆ. ಇಬ್ಬರು ಸೇರಿ ಮಾತು ಹೊಂದಿಸಿಕೊಳ್ಳಬಾರದಲ್ಲ. ಅವಳು ಆಮೇಲೆ ಹೇಳಿದ್ದು: ಆಗ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದರಂತೆ. ಹೆದರಿದ್ದೆ ಅಂದಳಂತೆ. ಈಗ ಹೆದರಿಕೆಯಿಲ್ಲವಾ ಎಂದರಂತೆ. ಇದೆ ಸಾರ್, ನೋಡಿ ಎಂದು ನಡುಗುತ್ತಿದ್ದ ಎರಡೂ ಕೈ ಮುಂದೆ ಚಾಚಿದಳಂತೆ. ಸಂಜೆಯ ತನಕ ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದ್ದಾರೆ. ಅವಳು ಒಂದೇ ಹೇಳಿದ್ದಾಳೆ. ನಾನು ನನ್ನ ಕೋಣೆಯಲ್ಲಿ ಕೇಳಿದವರಿಗೆಲ್ಲ ಗೋಗರೆದೆ, ಅವನ ಕೈಗೊಂದು ಪೆನ್ನು ಕೊಡಿ, ಯಾವ ಕೈಯಲ್ಲಿ ಹಿಡಿಯುತ್ತಾನೆ ನೋಡಿ, ಸಾಕು. ರಾತ್ರಿ ನಮ್ಮಿಬ್ಬರನ್ನೂ ಮನೆಗೆ ಬಿಟ್ಟರು. ಭಾನುವಾರ ಯಾರೋ ಕೊಟ್ಟು ನೋಡಿದರಂತೆ, ಅವನು ಬಲಗೈ ಚಾಚಿದನಂತೆ.

ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಇಬ್ಬರ ಮೇಲೂ ಒಂದೊಂದು ಕಡತ ತೆರೆದಿದ್ದಾರೆ. ಇವತ್ತು ಸಹಿ ಹಾಕಲು ಕರೆದಿದ್ದರು. ಹಾಕಿ ಹೊರಗೆ ಬಂದು ಬಸ್ಸಿಗೆ ನಿಂತಿದ್ದೆವು.

ಆಗ ಹಿಂದಿನ ಬಾಗಿಲಿನ ಕಡೆಯಿಂದ ಅವನು ಬಂದ. ನಡೆದುಕೊಂಡೇ ಬಂದ. ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದ, ತುಟಿಯ ಹತ್ತಿರ ಊದಿತ್ತು. ನನ್ನ ಕಣ್ಣು ಮಂಜಾಯಿತು. ಹೆಂಡತಿಯ ಕೈ ಹಿಡಿದು, ಅವನೇ, ಅವನೇ ಅಂದೆ. ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡು ಹೆಜ್ಜೆ ಮುಂದಿಟ್ಟೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಟಾರ್ಚು ಹಿಡಿದವನು ಎಂದು ಗುರುತು ಸಿಕ್ಕಿತು, ಮುಖದಲ್ಲೇ ಕಾಣಿಸಿತು. ಆಮೇಲೆ ನನ್ನ ಹಿಂದಿನ ಕಟ್ಟಡ ನೋಡಿದ, ನನ್ನ ಕೊರಳಿನಲ್ಲಿ ನೇತಾಡುತ್ತಿದ್ದ ಪ್ರವೇಶದ ಚೀಟಿ ನೋಡಿದ. ಎರಡೂ ಕೈ ಮುಖದ ಮುಂದೆ ಅಡ್ಡ ಹಿಡಿದು ಹಿಂದೆ ಹಿಂದೆ ಸರಿದ.

"ಹೇಳಿದ್ದೀನಲ್ಲ ಸಾರ್" ಅಂದ. "ಎಲ್ಲಾ ಹೇಳಿದ್ದೀನಿ. ಇನ್ನೇನೂ ಇಲ್ಲ ಸಾರ್."

ನಾನು ನಿಂತಲ್ಲೇ ನಿಂತೆ. ಅವನು ವಾಹನಗಳ ನಡುವೆಯೇ ರಸ್ತೆ ದಾಟಿ ಆಚೆ ಬದಿಗೆ ಹೋದ. ಹೆಂಡತಿ ಬಂದು ನನ್ನ ಕೊರಳಿನಿಂದ ಆ ಚೀಟಿ ತೆಗೆದಳು.